ಬೆಂಗಳೂರಿಗೆ ಹೊಸದಾಗಿ ಬಂದ ತಮ್ಮ-ತಂಗಿಯರಿಗೆ: ಸುವಾರ್ತೆ ಸೇವೆ ಎಲ್ಲಿಂದ ಶುರು ಮಾಡಬೇಕು?

ಗದಗ-ಬೆಟಗೇರಿ ಬಿಟ್ಟು ನಾನು ಈ ಊರಿಗೆ ಬಂದು 22 ವರ್ಷ ಆಯಿತು. ಪ್ರತಿ ಜೂನ್‌ನಲ್ಲಿ ನಮ್ಮ ಸಭೆಗೆ, ಅಂದರೆ ಚರ್ಚಿಗೆ, ಹೊಸ ಮುಖಗಳು ಬರುತ್ತವೆ. ಬೀದರ್, ರಾಯಚೂರು, ಹಾಸನ, ಚಾಮರಾಜನಗರದ ಮಕ್ಕಳು. "ಅಕ್ಕಾ, ಸುವಾರ್ತೆ ಸೇವೆ ಮಾಡಬೇಕು ಅಂತ ಆಸೆ, ಏನು ಮಾಡಲಿ?" ಅಂತ ಕೇಳುತ್ತಾರೆ. ಸುವಾರ್ತೆ ಅಂದರೆ ಯೇಸುವಿನ ಶುಭ ಸಂದೇಶ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಕನ್ನಡ ಸಭೆಗೆ ಸೇರಿಕೊಳ್ಳಿ. ಕಾರ್ಪೊರೇಷನ್ ಹತ್ತಿರ ಹಡ್ಸನ್ ಮೆಮೋರಿಯಲ್ ಚರ್ಚ್ ಇದೆ, ಅವೆನ್ಯೂ ರಸ್ತೆಯಲ್ಲಿ ರೈಸ್ ಮೆಮೋರಿಯಲ್ ಚರ್ಚ್ ಇದೆ. ಆದರೆ ದೊಡ್ಡ ಹೆಸರು ನೋಡಿ ಹೋಗಬೇಡಿ. ನಿಮ್ಮ ಪಿ.ಜಿ.ಗೆ ಹತ್ತಿರ ಇರುವ ಸಭೆಯೇ ವಾಸಿ. ಭಾನುವಾರ ಹೇಗೋ ಹೋಗಿಬಿಡಬಹುದು, ವಾರದ ಮಧ್ಯದ ಪ್ರಾರ್ಥನೆಗೆ ಟ್ರಾಫಿಕ್‌ನಲ್ಲಿ ಎರಡು ಗಂಟೆ ಕೂರಲು ಆಗುತ್ತಾ? ಬರುವಾಗ ಊರಿನ ಅಯ್ಯನವರಿಂದ, ಅಂದರೆ ಸಭೆಯ ಪಾದ್ರಿಗಳಿಂದ, ಒಂದು ಪತ್ರ ತನ್ನಿ.

ಮಿಷನ್, ಅಂದರೆ ಸುವಾರ್ತೆ ಸಾರುವ ಕೆಲಸ, ಎಲ್ಲೋ ದೂರದ ಮಾತು ಅಂದುಕೊಂಡವರು ಜಾಸ್ತಿ. ನಮ್ಮ ನೆಲದಲ್ಲೇ ಅದರ ಕಥೆ ಇದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಪೂರ್ತಿ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಕೈಗೆ ಬರುವಷ್ಟರಲ್ಲಿ 1831 ಆಗಿತ್ತು. ಬಾಸೆಲ್ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಶುರು ಮಾಡಿದರು, ಅದೇ ಕನ್ನಡದ ಮೊದಲ ಪತ್ರಿಕೆ. ಅದೇ ಮಿಷನ್ನಿನ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಬಂತು, ಸುಮಾರು 70,000 ಪದ. ಒಂದೊಂದು ಪದಕ್ಕೂ ಯಾರದೋ ಮಾತು ಕೇಳಿಸಿಕೊಂಡಿರಬೇಕಲ್ವಾ? ಆ ಮಿಷನರಿಗಳ ಎಲ್ಲ ನಡೆಯೂ ಸರಿ ಅಂತ ನಾನು ಹೇಳುವುದಿಲ್ಲ. ಆದರೆ ಕೇಳಿಸಿಕೊಳ್ಳುವ ಆ ತಾಳ್ಮೆ ನಮಗೆ ಬೇಕು. 1905ರ ಕ್ರಿಸ್‌ಮಸ್ ದಿನ ಸೆರಾಂಪುರದಲ್ಲಿ ಭಾರತೀಯರೇ ಸೇರಿ ತಮ್ಮದೇ ನ್ಯಾಷನಲ್ ಮಿಷನರಿ ಸೊಸೈಟಿ ಕಟ್ಟಿದರು. ಇದನ್ನೂ ಓದಿಕೊಳ್ಳಿ. ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಹಳೆಯ ಮಿಷನ್ ದಾಖಲೆಗಳಿವೆ. ಆಸಕ್ತಿ ಇದ್ದರೆ ಅಯ್ಯನವರ ಮೂಲಕ ಕೇಳಿಸಿ.

ಬಂದ ಹೊಸದರಲ್ಲಿ ನಾನೇ ಒಂದು ತಪ್ಪು ಮಾಡಿದೆ. ಹಾಸ್ಟೆಲ್ಲಿನ ಗೆಳತಿಯ ದಿಂಬಿನ ಮೇಲೆ ಒಂದು ಕರಪತ್ರ ಇಟ್ಟು ಹೋದೆ. ಸಂಜೆ ಬಂದು ನೋಡಿದರೆ ಅದು ನೀಟಾಗಿ ಮಡಿಸಿ ನನ್ನ ಟ್ರಂಕಿನ ಮೇಲಿತ್ತು. ಒಂದು ತಿಂಗಳು ಅವಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಅವಳ ಅಮ್ಮನಿಗೆ ಹುಷಾರು ತಪ್ಪಿತು. ಅವಳು ಆಸ್ಪತ್ರೆಯಿಂದ ತಡವಾಗಿ ಬರುತ್ತಿದ್ದಳು, ನಾನು ತಟ್ಟೆಯಲ್ಲಿ ಅನ್ನ ಸಾರು ಎತ್ತಿಡುತ್ತಿದ್ದೆ. ಒಂದು ರಾತ್ರಿ ಅವಳೇ ಕೇಳಿದಳು: "ಮಲಗೋ ಮುಂಚೆ ಕಣ್ಣು ಮುಚ್ಚಿ ಏನೇ ಹೇಳ್ತೀಯಾ?" ನಾಲ್ಕೇ ಮಾತಲ್ಲಿ ಹೇಳಿದೆ. ಅವಳು ಇವತ್ತಿಗೂ ತನ್ನ ಮನೆದೇವರನ್ನೇ ಪೂಜಿಸುತ್ತಾಳೆ, ನನ್ನ ಮಕ್ಕಳಿಗೆ ಅವಳೇ ದೊಡ್ಡಮ್ಮ.

ಕಾನೂನೂ ಗೊತ್ತಿರಲಿ. ಸಂವಿಧಾನದ 25ನೇ ವಿಧಿ ನಂಬಿಕೆಯನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಆದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಅದರಲ್ಲಿ ಸೇರಿಲ್ಲ ಅಂತ 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದುಡ್ಡು, ಕೆಲಸ, ಸೀಟು ಕೊಡಿಸುತ್ತೇವೆ ಅಂತ ಯಾರಾದರೂ ಆಸೆ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ. ಅದು ಸುವಾರ್ತೆಯೇ ಅಲ್ಲ.

ನಮ್ಮ ಯೌವನಸ್ಥರು ತಿಂಗಳಿಗೆ ಎರಡು ಶನಿವಾರ ಸರ್ಕಾರಿ ಆಸ್ಪತ್ರೆಗೆ ಗಂಜಿ ಒಯ್ಯುತ್ತಾರೆ. ಹಳ್ಳಿಯಿಂದ ರೋಗಿಯ ಜೊತೆ ಬಂದವರು ಹೊರಗೆ ಚಾಪೆ ಹಾಸಿಕೊಂಡು ಮಲಗಿರುತ್ತಾರೆ. ಯಾವ ಕೌಂಟರ್, ಯಾವ ಚೀಟಿ ಅಂತ ಅವರಿಗೆ ಕನ್ನಡದಲ್ಲಿ ತಿಳಿಸಿ ಹೇಳುವುದೇ ದೊಡ್ಡ ಕೆಲಸ. ಗಂಜಿ ಕೊಡುವಾಗ ಧರ್ಮದ ಮಾತು ಎತ್ತಬಾರದು, ಅವರಾಗಿ ಕೇಳದೆ ಪ್ರಾರ್ಥನೆ ಮಾಡಬಾರದು. ಇದು ನಮ್ಮ ನಿಯಮ. ಹೊಸಬರಿಗೆ ನಾನು ಮೊದಲು ಕೊಡುವುದು ಇದೇ ಕೆಲಸ.

ಗುರುವಾರ ಸಂಜೆ ಏಳಕ್ಕೆ ಮನೆ ಪ್ರಾರ್ಥನೆ ಇರುತ್ತದೆ. ಹಾಡು ಬರದಿದ್ದರೂ ಪರವಾಗಿಲ್ಲ, ಸುಮ್ನೆ ಬಂದು ಕೂತುಕೊಳ್ಳಿ. ಮುಗಿದ ಮೇಲೆ ಟೀ ಇದೆ. ಬಾಗಿಲ ಮುಂದೆ ಚಪ್ಪಲಿ ರಾಶಿ ಕಂಡರೆ ಅದೇ ಮನೆ.