ವಾಷಿಂಗ್ ಮೆಷಿನ್‌ಗೆ ನೀರು ಹನಿಹನಿಯಾಗಿ ಬರುತ್ತಿದ್ದದ್ದು ಸರಿಹೋಯಿತು

ನಲ್ಲಿಯಲ್ಲಿ ರಭಸವಿದ್ದರೂ ಡ್ರಮ್ ತುಂಬಲು ಅರ್ಧ ಗಂಟೆ, ಆಮೇಲೆ ಎರರ್. ದೋಷ ಮೆಷಿನ್‌ಗೆ ನೀರು ಒಳಬಿಡುವ ಇನ್‌ಲೆಟ್ ವಾಲ್ವ್ ಬಾಯಲ್ಲಿರುವ ಪುಟ್ಟ ಜಾಲರಿಯದು. ಬೋರ್‌ವೆಲ್ ನೀರಿನ ಸುಣ್ಣ, ಮರಳು ಕಟ್ಟಿಕೊಂಡಿತ್ತು.

ಪ್ಲಗ್ ಕಿತ್ತು, ನಲ್ಲಿ ನಿಲ್ಲಿಸಿ, ಹಿಂದಿನ ಪೈಪ್ ಬಿಚ್ಚಿದೆ. ಜಾಲರಿಯ ನಡುವಿನ ಮೊಳೆಯಂಥ ಭಾಗವನ್ನು ಇಕ್ಕಳದಲ್ಲಿ ಹಿಡಿದು ನೇರವಾಗಿ ಎಳೆಯಬೇಕು, ತಿರುಚಿದರೆ ಮುರಿಯುತ್ತದೆ. ಬೆಚ್ಚಗಿನ ನೀರಿಗೆ ನಿಂಬೆಹುಳಿ ಹಿಂಡಿ ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿದರೆ ಸಾಕು.

ಜಾಲರಿಯೇ ಬೇಡವೆಂದು ಎಸೆಯುವವರಿದ್ದಾರೆ. ದಯವಿಟ್ಟು ಬೇಡ! ಮರಳು ವಾಲ್ವ್‌ನ ರಬ್ಬರ್ ಪೊರೆಗೆ ಸಿಕ್ಕಿ, ಸ್ವಿಚ್ ಆಫ್ ಇದ್ದರೂ ನೀರು ಸೋರುತ್ತದೆ.

ಜೋಡಿಸುವಾಗ ವಾಷರ್ ನೋಡಿ, ಪೈಪ್ ಅನ್ನು ಕೈಯಲ್ಲೇ ಬಿಗಿ ಮಾಡಿ. ಟ್ಯಾಂಕ್ ಮೆಷಿನ್‌ಗಿಂತ ಎರಡೇ ಮೀಟರ್ ಮೇಲಿದ್ದರೆ ಒತ್ತಡ ಬರೀ 0.2 ಬಾರ್, ಆಗ ಜಾಲರಿ ತೊಳೆದರೂ ಪ್ರಯೋಜನವಿಲ್ಲ, ಪ್ರೆಷರ್ ಪಂಪ್ ಬೇಕು.