ಗಾಯಗೊಂಡವರಿಗೇ ಬಂದ ಚಾರ್ಜ್‌ಶೀಟ್: ಡಿಫೆನ್ಸ್ ಹೆಲ್ಪರ್ ಆಗಿ ನನ್ನ ಅನುಭವ

ರಾತ್ರಿ ಪಾಳಿಯ ಶಂಟಿಂಗ್‌ನಲ್ಲಿ, ಅಂದರೆ ಯಾರ್ಡಿನಲ್ಲಿ ಎಂಜಿನ್‌ಗೆ ಬೋಗಿಗಳನ್ನು ಜೋಡಿಸುವ, ಬಿಡಿಸುವ ಕೆಲಸದಲ್ಲಿ, ಬಲಗೈಯ ಎರಡು ಬೆರಳು ಕಳೆದುಕೊಂಡ ಪಾಯಿಂಟ್ಸ್‌ಮನ್ ಒಬ್ಬರು ಆಸ್ಪತ್ರೆಯಿಂದ ಮನೆಗೆ ಬಂದು ಎರಡು ವಾರ ಕಳೆಯುವುದರೊಳಗೆ ಅವರ ಕೈಗೆ ಎಸ್‌ಎಫ್-5 ತಲುಪಿತು. ರೈಲ್ವೆಯಲ್ಲಿ ಸಣ್ಣ ದಂಡನೆಯ ಚಾರ್ಜ್‌ಶೀಟ್‌ಗೆ ಎಸ್‌ಎಫ್-11 ಎಂದೂ ನೌಕರಿಯಿಂದ ತೆಗೆದುಹಾಕುವವರೆಗೆ ಹೋಗಬಹುದಾದ ದೊಡ್ಡ ದಂಡನೆಯದಕ್ಕೆ ಎಸ್‌ಎಫ್-5 ಎಂದೂ ಹೆಸರು. ಸ್ಟೇಷನ್ ಮಾಸ್ತರನಾಗಿ ನಿವೃತ್ತನಾದ ಮೇಲೆ ನಾನು ಇಂಥ ವಿಚಾರಣೆಗಳಲ್ಲಿ ಆರೋಪಿತ ನೌಕರರ ಪರವಾಗಿ ಕೂರುತ್ತಿದ್ದೇನೆ. 1968ರ ರೈಲ್ವೆ ನೌಕರರ ಶಿಸ್ತು ಮತ್ತು ಮೇಲ್ಮನವಿ ನಿಯಮಗಳಲ್ಲಿ ಇದಕ್ಕೆ ಅವಕಾಶವಿದ್ದು, ನಮ್ಮವರ ಬಾಯಲ್ಲಿ ಈ ಕೆಲಸದ ಹೆಸರು ಡಿಫೆನ್ಸ್ ಹೆಲ್ಪರ್.

ಅವರು ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಆರೋಪ ಎರಡೇ ಸಾಲಿನದು: ಎಂಜಿನ್ ನಿಲ್ಲುವ ಮೊದಲೇ ಎಂಜಿನ್ ಮತ್ತು ಬೋಗಿಯ ನಡುವೆ ಹೋಗಿ, ಸುರಕ್ಷತಾ ನಿಯಮವನ್ನು ಉದ್ದೇಶಪೂರ್ವಕವಾಗಿ ಉಲ್ಲಂಘಿಸಿ, ತಮಗೆ ತಾವೇ ಗಾಯ ಮಾಡಿಕೊಂಡಿದ್ದಾರೆ. “ಸಾಹೇಬ್ರ, ಕೈನೂ ಹೋತು, ಈಗ ನೌಕರೀನೂ ಹೊಕ್ಕೈತೇನ್ರಿ?” ಎಂದು ಕೇಳಿದರು. ಆ ಪ್ರಶ್ನೆಗೆ ಅಂದು ಉತ್ತರ ಕೊಡಲಿಲ್ಲ. ಕಡತ ನೋಡದೆ ಧೈರ್ಯ ಹೇಳುವ ಡಿಫೆನ್ಸ್ ಹೆಲ್ಪರ್‌ಗಳನ್ನು ಸಾಕಷ್ಟು ಕಂಡಿದ್ದೇನೆ.

ಚಾರ್ಜ್‌ಶೀಟ್‌ಗೆ ಹತ್ತು ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ಹೆಚ್ಚಿನವರು ಆ ಹತ್ತು ದಿನದ ಭಯದಲ್ಲಿ ನಾಲ್ಕು ಪುಟ ಗೋಳು ಬರೆದು ಕೊಟ್ಟುಬಿಡುತ್ತಾರೆ. ಅದರಲ್ಲಿ ಅರಿಯದೆ ಮಾಡಿಕೊಂಡ ಒಂದು ಒಪ್ಪಿಗೆ ಕೊನೆಯವರೆಗೂ ಬೆನ್ನು ಬಿಡುವುದಿಲ್ಲ. ನಾವು ಅವಧಿಯೊಳಗೆ ಆರೋಪವನ್ನು ನಿರಾಕರಿಸಿ, ಆಧಾರವಾಗಿಟ್ಟ ದಾಖಲೆಗಳನ್ನು ನೋಡಲು ಅವಕಾಶ ಕೋರಿ, ವಿವರವಾದ ಉತ್ತರವನ್ನು ಆಮೇಲೆ ಕೊಡುವುದಾಗಿ ಐದು ಸಾಲು ಬರೆದೆವು. ಆಧಾರ ದಾಖಲೆಗಳು ಮೂರೇ ಇದ್ದವು: ಮೂವರು ಸೂಪರ್‌ವೈಸರ್‌ಗಳ ಜಂಟಿ ತನಿಖಾ ವರದಿ, ಟಿ/806 ಶಂಟಿಂಗ್ ಆರ್ಡರ್‌ನ ಪ್ರತಿ ಮತ್ತು ಅಪಘಾತದ ಮರುದಿನ ಆಸ್ಪತ್ರೆಯಲ್ಲಿ ಪಡೆದ ಅವರದೇ ಹೇಳಿಕೆ. ಇಡೀ ಪ್ರಕರಣ ನಿಂತಿದ್ದದ್ದು ಆ ಹೇಳಿಕೆಯ ಮೇಲೆ. ಅದು ಇಂಗ್ಲಿಷಿನಲ್ಲಿತ್ತು. ಕೆಳಗೆ ಎಡಗೈ ಹೆಬ್ಬೆಟ್ಟಿನ ಗುರುತು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಸಂಬಳದ ಕಾಗದದಿಂದ ಹಿಡಿದು ಎಲ್ಲಕ್ಕೂ ಕನ್ನಡದಲ್ಲಿ ಸಹಿ ಹಾಕುವ ಮನುಷ್ಯ ಹೆಬ್ಬೆಟ್ಟು ಒತ್ತಿದ್ದು ಬಲಗೈಗೆ ಬ್ಯಾಂಡೇಜ್ ಇದ್ದುದರಿಂದ.

ಆ ರಾತ್ರಿ ಏನಾಯಿತೆಂದು ಅವರಿಂದ ಮೂರು ದಿನ ಮೂರು ಸಲ ಕೇಳಿದೆ. ಒಂದೇ ಸಲ ಕೇಳಿದರೆ ಜನ ತಮಗೆ ಬೇಕಾದಂತೆ ಹೇಳುತ್ತಾರೆ. ಮೂರನೆಯ ಸಲಕ್ಕೆ ನಡೆದದ್ದು ನಡೆದಂತೆ ಬರುತ್ತದೆ. ಎಂಜಿನ್ ಬೋಗಿಗಿಂತ ಸ್ವಲ್ಪ ಹಿಂದೆ ನಿಂತಿತು. ಜೋತಾಡುತ್ತಿದ್ದ ಹೋಸ್ ಪೈಪನ್ನು ಬದಿಗೆ ಸರಿಸಿ, ಎಂಜಿನ್ನಿಗೂ ಬೋಗಿಗೂ ಕೊಂಡಿ ಹಾಕುವ ಸ್ಕ್ರೂ ಕಪ್ಲಿಂಗ್ ಎತ್ತಿಡಲು ಇವರು ಒಳಗೆ ಹೋದರು. ಪಕ್ಕದ ಲೈನಿನಲ್ಲಿ ಇನ್ನೊಂದು ಶಂಟಿಂಗ್ ನಡೆದಿತ್ತು. ವಾಕಿಟಾಕಿಯಲ್ಲಿ ಯಾರೋ “ಸ್ವಲ್ಪ ಮುಂದ ಬರ್ಲಿ” ಅಂದರು. ಎಂಜಿನ್ ಮತ್ತೆ ಚಲಿಸಿತು. ಕಪ್ಲಿಂಗ್ ಹಿಡಿದಿದ್ದ ಕೈ ಅದರ ಮತ್ತು ಎಂಜಿನ್ನಿನ ಹುಕ್ಕಿನ ನಡುವೆ ಸಿಕ್ಕಿತು. ಮೂರನೆಯ ದಿನ ಅವರು ಇನ್ನೊಂದು ಮಾತೂ ಹೇಳಿದರು: ಒಳಗೆ ಹೋಗುವ ಮುಂಚೆ ಲೋಕೋ ಪೈಲಟ್‌ಗೆ (ಎಂಜಿನ್ ಚಾಲಕರಿಗೆ) ನಿಲ್ಲಿಸುವ ಸೂಚನೆಯಾದ ಕೆಂಪು ದೀಪ ತೋರಿಸಿರಲಿಲ್ಲ. ಕೈದೀಪ ಬಿಳಿಯಲ್ಲೇ ಇತ್ತು.

ನಾವು ಮೊದಲು ಜಗಳವಾಡಿದ್ದು ಇದರ ಮೇಲೆ. ಮುಚ್ಚಿಡೋಣ, ಯಾರೂ ನೋಡಿಲ್ಲ ಎಂಬುದು ಅವರ ವಾದ. “ಅಲ್ಲೋ ತಮ್ಮಾ, ಅದನ್ನು ನಾವೇ ಹೇಳಿದರೆ ಮಾತ್ರ ಉಳಿದದ್ದನ್ನು ನಂಬುತ್ತಾರೆ” ಎಂದು ನಾನು ಪಟ್ಟು ಹಿಡಿದೆ. ನನ್ನ ಲೆಕ್ಕದಲ್ಲಿ ಇನ್ನೊಂದು ಕಾರಣವೂ ಇತ್ತು. ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ 3ನೆಯ ಕಲಮಿನ ಪ್ರಕಾರ, ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆಗದಿದ್ದಾಗ, ಸುರಕ್ಷತೆಗೆಂದೇ ಮಾಡಿದ ನಿಯಮವನ್ನು ನೌಕರ ಬೇಕೆಂದೇ ಮುರಿದು ಗಾಯಗೊಂಡಿದ್ದರೆ ಮಾಲೀಕ ಪರಿಹಾರ ಕೊಡಬೇಕಾಗಿರಲಿಲ್ಲ. ಒಂದು ಕೈಯ ಎರಡು ಬೆರಳು ಹೋದರೆ ಆ ಕಾಯ್ದೆಯ ಪಟ್ಟಿಯಲ್ಲಿ ಗಳಿಕೆಯ ಸಾಮರ್ಥ್ಯದ ನಷ್ಟ ಶೇ. 20 ಎಂದಿತ್ತು. ಹಾಗಾಗಿ ಆರೋಪದಲ್ಲಿದ್ದ ‘ಉದ್ದೇಶಪೂರ್ವಕ’ ಎಂಬ ಒಂದು ಪದ ನೌಕರಿಯ ಜೊತೆಗೆ ಪರಿಹಾರವನ್ನೂ ಕೊಚ್ಚಿಕೊಂಡು ಹೋಗುವಂತಿತ್ತು. ದೀಪ ತೋರಿಸಲು ಮರೆಯುವುದು ಅಜಾಗರೂಕತೆ. ಬೇಕೆಂದೇ ನಿಯಮ ಮುರಿಯುವುದು ಬೇರೆ. ಮರೆತದ್ದನ್ನು ಒಪ್ಪಿಕೊಂಡು, ಬೇಕೆಂದೇ ಮಾಡಿದ್ದೆಂಬುದನ್ನು ಕಡೆಯವರೆಗೂ ಅಲ್ಲಗಳೆಯುವುದೆಂದು ತೀರ್ಮಾನಿಸಿದೆವು.

ವಿಚಾರಣಾಧಿಕಾರಿ ನೇಮಕವಾದ ಮೇಲೆ ಹೆಚ್ಚುವರಿ ದಾಖಲೆಗಳ ಪಟ್ಟಿ ಕೊಟ್ಟೆವು. ಬೇಕೆಂದು ಹತ್ತಿಪ್ಪತ್ತು ಕಾಗದ ಕೇಳಿದರೆ ‘ಅಪ್ರಸ್ತುತ’ ಎಂದು ಒಂದೇ ಸಾಲಿನಲ್ಲಿ ತಳ್ಳಿಹಾಕುತ್ತಾರೆ. ಅದಕ್ಕಾಗಿ ಮೂರೇ ಕೇಳಿ, ಪ್ರತಿಯೊಂದರ ಮುಂದೆ ಅದು ಯಾಕೆ ಬೇಕೆಂದು ಬರೆದೆವು: ಎಂಜಿನ್ನಿನ ವೇಗ ದಾಖಲೆ ಯಂತ್ರದ ಮಾಹಿತಿ, ಆ ಪಾಳಿಯ ಹಾಜರಿ ಪುಸ್ತಕ, ವಾಕಿಟಾಕಿ ಹಂಚಿಕೆಯ ರಿಜಿಸ್ಟರ್. ಮೊದಲನೆಯದು ಕೈತಪ್ಪದಿರಲೆಂದು, ಅದನ್ನು ಕಾಯ್ದಿಡಿ ಎಂಬ ಪತ್ರವನ್ನು ಚಾರ್ಜ್‌ಶೀಟ್ ನೋಡಿದ ವಾರವೇ ಕಳುಹಿಸಿದ್ದೆವು. ನಾನು ಮಾಡಿದ ಕೆಲಸಗಳಲ್ಲಿ ಅತ್ಯಂತ ಉಪಯೋಗಕ್ಕೆ ಬಂದದ್ದು ಆ ಪತ್ರವೇ. ಎಂಜಿನ್ ಪೂರ್ತಿ ನಿಂತು, ಸುಮಾರು 40 ಸೆಕೆಂಡುಗಳ ನಂತರ ಮತ್ತೆ ಚಲಿಸಿದ್ದು ಅದರಲ್ಲಿ ಕಾಣಿಸಿತು.

ಸಾಕ್ಷಿಗಳ ದಿನ ಹೇಳಿಕೆ ಬರೆದುಕೊಂಡ ಇನ್‌ಸ್ಪೆಕ್ಟರರನ್ನು ಪಾಟಿ ಸವಾಲಿಗೆ ಕರೆದೆ. ಕೂಗಾಡುವುದು ನನಗೆ ಬರುವುದಿಲ್ಲ. ಚಿಕ್ಕ ಚಿಕ್ಕ ಪ್ರಶ್ನೆ ಕೇಳಿ, ಉತ್ತರವನ್ನು ದಾಖಲಿಸಿಕೊಂಡ ಮೇಲೆಯೇ ಮುಂದಕ್ಕೆ ಹೋಗುವುದು ನನ್ನ ರೂಢಿ. ಗಾಯಾಳು ಯಾವ ಭಾಷೆಯಲ್ಲಿ ಮಾತಾಡಿದರು? ಕನ್ನಡದಲ್ಲಿ. ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿದಿರಾ? ನೆನಪಿಲ್ಲ. ನಿಲ್ಲುವ ಮೊದಲೇ ಹೋದೆ ಎಂದು ಇಂಗ್ಲಿಷಿನಲ್ಲಿ ಬರೆದಿದ್ದೀರಿ, ಅವರ ಬಾಯಿಂದ ಬಂದ ಕನ್ನಡ ಮಾತು ಯಾವುದು? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “‘ನಿಂತಿತ್ರಿ, ಒಳಗ ಹೋದೆ’ ಅಂದ ಹಾಗಿತ್ತು” ಎಂದರು. ಈ ಕನ್ನಡ ವಾಕ್ಯವನ್ನು ಕನ್ನಡದಲ್ಲೇ ನಡಾವಳಿಗೆ ಸೇರಿಸಬೇಕೆಂದು ಕೋರಿದೆ. ವಿಚಾರಣಾಧಿಕಾರಿ ಮೊದಲು ಹಿಂಜರಿದರೂ ಆಮೇಲೆ ಸೇರಿಸಿದರು. ಆ ಇನ್‌ಸ್ಪೆಕ್ಟರರು ಸುಳ್ಳು ಬರೆದರೆಂದು ನಾನು ಇಂದಿಗೂ ಹೇಳಲಾರೆ. ಅಪಘಾತವಾದ ಮರುದಿನ ಮೇಲಿನಿಂದ ಫೋನು ಬರುತ್ತಿರುವಾಗ, ತೀರ್ಮಾನ ಮೊದಲು ಹುಟ್ಟಿ ವಾಕ್ಯ ಆಮೇಲೆ ಹುಟ್ಟುತ್ತದೆ.

ಜಂಟಿ ವರದಿಗೆ ಸಹಿ ಹಾಕಿದ ಮೂವರಲ್ಲಿ ಇಬ್ಬರು ಸಾಕ್ಷಿಗೆ ಬರಲೇ ಇಲ್ಲ. ಇಲಾಖಾ ವಿಚಾರಣೆಯಲ್ಲಿ ಕಾಗದವನ್ನು ಸುಮ್ಮನೆ ಮುಂದಿಟ್ಟರೆ ಸಾಲದು, ಸಾಕ್ಷಿಗಳು ಅದರ ಒಳಗಿನ ವಿಷಯವನ್ನು ರುಜುವಾತುಪಡಿಸಬೇಕು ಎಂದು ಸುಪ್ರೀಂ ಕೋರ್ಟ್ 2008ರ ರೂಪ್ ಸಿಂಗ್ ನೇಗಿ ಪ್ರಕರಣದಲ್ಲಿ ಹೇಳಿದ್ದನ್ನು ಅಂತಿಮ ಲಿಖಿತ ವಾದದಲ್ಲಿ ಒಂದೇ ಕಂಡಿಕೆಯಲ್ಲಿ ಎತ್ತಿ ತೋರಿಸಿದೆ. ತೀರ್ಪುಗಳ ರಾಶಿ ಹಾಕುವುದರಲ್ಲಿ ನನಗೆ ನಂಬಿಕೆಯಿಲ್ಲ. ಕಡತ ಓದುವವರೂ ನಮ್ಮಂತೆಯೇ ಯಾರ್ಡು ಕಂಡ ಅಧಿಕಾರಿಗಳು.

ಲೋಕೋ ಪೈಲಟ್‌ನ ಸಂಘದ ಗೆಳೆಯರೊಬ್ಬರು ಮನೆಗೇ ಬಂದು, ತಪ್ಪನ್ನು ನಮ್ಮವರ ತಲೆಗೆ ಕಟ್ಟುತ್ತೀರಾ ಎಂದು ಕೇಳಿದ್ದರು. ಅವರಿಗೆ ನಾನು ಬರೆದ ವಾದವನ್ನೇ ತೋರಿಸಿದೆ. ಅದರಲ್ಲಿ ಎಂಜಿನ್ ಮತ್ತೆ ಚಲಿಸಿತು ಎಂಬುದಿತ್ತು, ಎರಡು ಶಂಟಿಂಗ್‌ಗೆ ವಾಕಿಟಾಕಿಯ ಒಂದೇ ಚಾನೆಲ್ ಬಳಕೆಯಲ್ಲಿತ್ತು ಎಂಬುದಿತ್ತು. ಬೇರೆ ಯಾರಿಗೂ ದಂಡನೆ ಕೇಳಿರಲಿಲ್ಲ.

ವಿಚಾರಣಾ ವರದಿ ‘ಆರೋಪ ಭಾಗಶಃ ರುಜುವಾತಾಗಿದೆ’ ಎಂದಿತು. ಅದಕ್ಕೆ ಹದಿನೈದು ದಿನದಲ್ಲಿ ಮನವಿ ಕೊಟ್ಟೆವು. ಆದರೂ ಶಿಸ್ತು ಪ್ರಾಧಿಕಾರವು ಎರಡು ವರ್ಷಕ್ಕೆ ವೇತನವನ್ನು ಕೆಳಗಿನ ಹಂತಕ್ಕೆ ಇಳಿಸಿತು, ಅದೂ ಮುಂದಿನ ಇನ್‌ಕ್ರಿಮೆಂಟುಗಳ ಮೇಲೆ ಶಾಶ್ವತ ಪರಿಣಾಮ ಉಳಿಯುವಂತೆ. ಮೇಲ್ಮನವಿಗೆ 45 ದಿನದ ಗಡುವು. ಅಳಲು ತೋಡಿಕೊಳ್ಳುವ ಬದಲು ಎರಡೇ ಪ್ರಶ್ನೆ ಎತ್ತಿದೆವು: ಯಾವ ಭಾಗ ರುಜುವಾತಾಯಿತು, ಯಾವುದು ಆಗಲಿಲ್ಲವೆಂದು ಆದೇಶ ಎಲ್ಲಿಯೂ ಹೇಳಿಲ್ಲವೇಕೆ, ನಾವೇ ಒಪ್ಪಿಕೊಂಡ ಕೆಂಪು ದೀಪದ ಲೋಪಕ್ಕೆ ಈ ದಂಡನೆ ಸರಿದೂಗುತ್ತದೆಯೇ. ಮೇಲ್ಮನವಿ ಪ್ರಾಧಿಕಾರ ಅವರನ್ನು ಖುದ್ದಾಗಿ ಕರೆಸಿ ಮಾತಾಡಿಸಿತು. ದೀಪದ ಮಾತನ್ನು ಅಲ್ಲಿಯೂ ಅವರೇ ಹೇಳಿದರು.

ಬಂದ ಆದೇಶದಲ್ಲಿ ಒಂದು ವರ್ಷ ಇನ್‌ಕ್ರಿಮೆಂಟ್ ತಡೆ ಇತ್ತು, ಶಾಶ್ವತ ಪರಿಣಾಮವಿಲ್ಲದೆ. ಲೋಪವು ಉದ್ದೇಶಪೂರ್ವಕವಲ್ಲ ಎಂಬ ಸಾಲೂ ಇತ್ತು. ಆ ಪುಟದ ಜೆರಾಕ್ಸನ್ನು ಪರಿಹಾರದ ಅರ್ಜಿಗೆ ಲಗತ್ತಿಸಿ, ಮರುವಾರ ಸಿಬ್ಬಂದಿ ಶಾಖೆಗೆ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದೆವು.