ಬೆರಳು ಊದಿದ ದಿನ ರೊಟ್ಟಿ ಬಡಿಯಂಗಿಲ್ಲ

ಐದು ವರ್ಷದ ಹಿಂದ ಒಂದಿನ ಮುಂಜಾನೆ ಹಿಟ್ಟು ನಾದಾಕಂತ ಪರಾತದಾಗ ಕೈ ಇಟ್ಟೆ, ಬಲಗೈ ನಡುಬೆರಳು ಮಡಚವಲ್ದು. ಬುಡದಿಂದ ತುದಿತನಾ ಯಾಲಕ್ಕಿ ಬಾಳೆಹಣ್ಣಿನಂಗ ಊದಿತ್ತು. ಅತ್ತಿ "ವಾಯು ಆಗೈತಿ, ಎಣ್ಣಿ ಕಾಸಿ ತಿಕ್ಕೋ" ಅಂದ್ರು, ತಿಕ್ಕಿದೆ. ಮುಂದ ಹಿಮ್ಮಡನೂ ಹಿಡೀತು, ಎದ್ದು ನೆಲಕ್ಕ ಕಾಲಿಟ್ರ ಮುಳ್ಳು ತುಳಿದಂಗ. ಇಲ್ಲೇ ಬಾಗಲಕೋಟಿ ನವನಗರದಾಗ ತೋರಿಸಿದ್ವಿ, ರಕ್ತದ ಟೆಸ್ಟಿನಾಗ ಯೂರಿಕ್ ಆಸಿಡ್ (ಇದು ಹೆಚ್ಚಾದ್ರೂ ಕೀಲು ಊದ್ತಾವು) ನಾರ್ಮಲ್, ಆರ್‌ಎ ಫ್ಯಾಕ್ಟರ್ (ರುಮಟಾಯ್ಡ್ ಅನ್ನೋ ಕೀಲುವಾತಕ್ಕ ಮಾಡೋ ಟೆಸ್ಟ್) ನೆಗೆಟಿವ್, ಏನೂ ಇಲ್ಲ ಅಂತ ನೋವಿನ ಗುಳಿಗಿ ಕೊಟ್ರು, ಹಂಗ ಒಂದೂವರೆ ವರ್ಷ ಹೋತು.

ನಾ ಒಂದು ಮಾತು ಮುಚ್ಚಿಟ್ಟಿದ್ದೆ. ಹತ್ತು ಹನ್ನೆರಡು ವರ್ಷದಿಂದ ತಲಿಯಾಗ, ಕಿವಿ ಹಿಂದ, ಮೊಣಕೈಗೆ ಬಿಳಿ ಹೊಟ್ಟು ಏಳೋ ಕಲೆ ಇದ್ವು. ಉದ್ದ ತೋಳಿನ ಕುಪ್ಪಸ, ತಲಿಮ್ಯಾಲ ಸೆರಗು, ಯಾರಿಗೂ ಕಾಣಿಸಗೊಡ್ತಿದ್ದಿಲ್ಲ, ಯಾಕಂದ್ರ ಅಂಟೋ ರೋಗ ಅಂದ್ಕೊಂಡು ನನ್ನ ಕೈಯಾನ ರೊಟ್ಟಿ ತಿನ್ನಂಗಿಲ್ಲ ಅನ್ನೋ ಅಂಜಿಕಿ. ಕೀಲುನೋವಿನ ಡಾಕ್ಟರಿಗೆ ಚರ್ಮದ ಸುದ್ದಿ ಯಾಕ ಅಂತ ಅಲ್ಲೂ ಹೇಳಿದ್ದಿಲ್ಲ.

ಬೆಳಗಾವಿಗೆ ಹೋದಾಗ ರುಮಟಾಲಜಿ, ಅಂದ್ರ ಕೀಲುವಾತದ ಡಾಕ್ಟರ್ ಬೆರಳು ಬಿಟ್ಟು ಮೊದಲ ಉಗುರು ನೋಡಿದ್ರು. ಸೂಜಿಲೆ ಚುಚ್ಚಿದಂಗ ಸಣ್ಣ ಸಣ್ಣ ಕುಳಿ ಇದ್ವು. "ಅಕ್ಕಾರ, ತಲಿಯಾಗ ಹೊಟ್ಟು ಏಳ್ತೈತೇನ್ರಿ? ಮನ್ಯಾಗ ಯಾರಿಗರ ಸೋರಿಯಾಸಿಸ್ ಇತ್ತೇನ್ರಿ?" ಸೋರಿಯಾಸಿಸ್ ಅಂದ್ರ ನಾ ಮುಚ್ಚಿಟ್ಟಿದ್ದ ಆ ಹೊಟ್ಟಿನ ಕಲೆ ರೋಗ, ನಮ್ಮಪ್ಪಗ ಇತ್ತು. ನಂದು ಸೋರಿಯಾಟಿಕ್ ಆರ್ಥ್ರೈಟಿಸ್, ಅಂದ್ರ ಸೋರಿಯಾಸಿಸ್ ಕೂಡ ಬರೋ ಕೀಲುವಾತ. ನಮ್ಮನ್ನ ಕಾಯ್ಬೇಕಾದ ರೋಗನಿರೋಧಕ ಶಕ್ತೀನ ತಿರುಗಿ ನಮ್ಮ ಚರ್ಮಕ್ಕ, ಕೀಲಿಗೆ ಬೀಳ್ತೈತಂತ. ಇದು ಇದ್ದೋರಾಗ ಭಾಳ ಮಂದಿಗೆ ಆರ್‌ಎ ಫ್ಯಾಕ್ಟರ್ ನೆಗೆಟಿವ್ವ ಬರ್ತೈತಿ, ಮತ್ತ ಇದು ಯಾರಿಗೂ ಅಂಟಂಗಿಲ್ಲ.

ಆ ತಿರುಗಿ ಬಿದ್ದ ಶಕ್ತೀನ ತಣ್ಣಗ ಮಾಡೋ ಮೆಥೋಟ್ರೆಕ್ಸೇಟ್ ಶುರು ಮಾಡಿದ್ರು. ಇದು ವಾರಕ್ಕ ಒಂದ ದಿನ ತಗೊಳ್ಳೋ ಗುಳಿಗಿ ರೀ, ದಿನಾ ಅಲ್ಲ, ದಿನಾ ತಗೊಂಡ್ರ ಜೀವಕ್ಕ ಅಪಾಯ. ಒಂದ್ಸಲ ಔಷಧಿ ಅಂಗಡ್ಯಾಗ ಪಾಕೀಟಿನ ಮ್ಯಾಲೆ ದಿನಕ್ಕ ಒಂದು ಅಂತ ಬರೆದು ಕೊಟ್ಟಿದ್ರು, ಮಗಳು ಚೀಟಿ ಕೂಡ ಹೊಂದಿಸಿ ನೋಡಿದ್ದಕ್ಕ ಉಳಿದೆ. ಅವತ್ತಿಂದ ಕ್ಯಾಲೆಂಡರಿನಾಗ ಶನಿವಾರಕ್ಕ ಕೆಂಪು ಗುರುತು, ರಾತ್ರಿ ಉಂಡು ತಗೋತೀನಿ, ಐತವಾರ ಹೊಟ್ಟಿ ತೊಳಿಸಿದಂಗ ಆದ್ರೂ ಸಾಲಿಗೆ ರಜಾ ಇರ್ತೈತಿ. ಇದರ ಕೂಡ ಕೊಡೋ ಫೋಲಿಕ್ ಆಸಿಡ್ ಅನ್ನೋ ವಿಟಮಿನ್ ಗುಳಿಗಿ ಬ್ಯಾರೆ ದಿನ. ಲಿವರ್ ಮತ್ತ ರಕ್ತಕಣದ ಟೆಸ್ಟ್ ತಪ್ಪಸಂಗಿಲ್ಲ. ಮಕ್ಕಳಾಗೋ ವಯಸ್ಸಿನವ್ರು ಡಾಕ್ಟರಿಗೆ ಮೊದಲ ಹೇಳ್ರಿ, ಗರ್ಭಕ್ಕ ಈ ಗುಳಿಗಿ ಆಗಂಗಿಲ್ಲ. ನನಗ ಫರಕ್ ಕಂಡಿದ್ದು ಎರಡೂವರೆ ತಿಂಗಳಿಗೆ, ಅಲ್ಲಿತನಾ ಬಿಡಬೇಕಂತ ಎಷ್ಟ ಸಲ ಅನಿಸ್ತು.

ಆದ್ರೂ ನೋವು ಕೆರಳ್ತೈತಿ. ನನಗ ಎರಡ ದಿನ ಮೊದಲ ಗೊತ್ತಾಗ್ತೈತಿ, ಏನೂ ಮಾಡ್ದನ ಮೈಯಾಗಿನ ಕಸುವೆಲ್ಲಾ ಹೋಗಿ ಕುಂತಲ್ಲೇ ನಿದ್ದಿ ಬರ್ತೈತಿ, ಆಮ್ಯಾಲ ಹಿಮ್ಮಡ, ಆಮ್ಯಾಲ ಬೆರಳು. ಆ ದಿನ ಹಿಂಡೋದು, ನಾದೋದು, ಕೊಡ ಎತ್ತೋದು ಬಂದ್. ಮುಂಜಾನೆ ಉಗುರುಬೆಚ್ಚಗಿನ ನೀರಾಗ ಕೈ ಇಟ್ಟು ಬೆರಳು ಒಂದೊಂದ ಸಾವಕಾಶ ಬಿಚ್ಚಿ ಮಡಚ್ತೀನಿ, ಒತ್ತಂಗಿಲ್ಲ, ಬಿಗಿ ಬಿಡಾಕ ತಾಸು ಬೇಕು. ಆರಾಮಿದ್ದಾಗ ಖಡಕ್ ರೊಟ್ಟಿ ಬಡಿದು ಡಬ್ಬಿ ತುಂಬಿಸಿಟ್ಟಿರ್ತೀನಿ, ಮೊಸರು ಶೇಂಗಾ ಚಟ್ನಿ ಇದ್ರ ನಾಕು ದಿನ ದಾಟ್ತಾವು. ಊದಿದ ಬೆರಳಿನ ಫೋಟೋ ಫೋನಿನಾಗ ತಗೀರಿ, ಡಾಕ್ಟರ್ ಕಡೆ ಹೋಗೋದ್ರಾಗ ಬಾವು ಇಳಿದಿರ್ತೈತಿ, ಬಾಯಿಲೆ ಎಷ್ಟು ಹೇಳಿದ್ರೂ ಫೋಟೋದಂಗ ಆಗಂಗಿಲ್ಲ.

ಹೋದ ಚಳಿಗಾಲದಾಗ ಮಗಳ ಮೊಣಕೈಗೆ ರೂಪಾಯಿ ಅಗಲದ ಕಲೆ ಕಂಡ್ತು. ಅಕಿ ತೋಳು ಕೆಳಗ ಎಳ್ಕೊಂಡ್ಲು. ನಾ ಮ್ಯಾಲೆ ಸರಿಸಿ, ಆ ವಾರದಾಗ ಚರ್ಮದ ಡಾಕ್ಟರಿಗೆ ತೋರಿಸಿಕೊಂಡು ಬಂದೆ. ಬೆರಳು ಬಿಗೀತಾವೇನವ್ವಾ ಅಂತ ಈಗ ಆಗಾಗ ಕೇಳ್ತಿರ್ತೀನಿ.